ಮೋಟರಿಗೆ ಹಚ್ಚಿದ ವಿಭೂತಿ

ಯಾರ ಮನೆಗೆ ಹೋದರೂ ಅಲ್ಲಿನ ಫ್ರಿಜ್ಜಿಗೋ ನೀರಿನ ಪಂಪಿಗೋ ಸ್ಕ್ರೂಡ್ರೈವರ್ ಹಚ್ಚಿ ಕಿವಿಗೊಡುವ ಕೆಟ್ಟ ಚಟ ನನಗಿದೆ. ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ, ಮನೆಯವರು ಹೇಳುತ್ತಾರೆ. ಮೊನ್ನೆ ನಾದಿನಿಯ ಮಗಳ ಗೃಹಪ್ರವೇಶ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನಾನು ನಾಪತ್ತೆ. ಹುಡುಕಿಕೊಂಡು ಬಂದವರಿಗೆ ನಾನು ಸಿಕ್ಕಿದ್ದು ಹಿತ್ತಿಲಲ್ಲಿ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೊಸ ಪಂಪಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದೆ. ಹೊಸಮನೆಯ ಅಳಿಯ ಗಾಬರಿಯಿಂದ, "ಅತ್ತೆಯವರಿಗೆ ತಲೆ ಸುತ್ತಿತೇ?" ಎಂದು ಕೇಳಿದ. ನನ್ನ ಗಂಡ ಮಾತ್ರ ನಿಶ್ಚಿಂತೆಯಿಂದ, "ಏನಿಲ್ಲ ಬಿಡಪ್ಪ, ಮದುವೆಗೆ ಮುಂಚೆ ನನ್ನನ್ನೂ ಹೀಗೇ ಪರೀಕ್ಷೆ ಮಾಡಿ ಒಪ್ಪಿಕೊಂಡದ್ದು" ಎಂದರು. ಎಲ್ಲರೂ ನಕ್ಕರು. ಪಂಪಿನ ಬೇರಿಂಗು ಸವೆದಿದೆ, ಮಳೆಗಾಲ ದಾಟುವುದಿಲ್ಲ ಎಂದು ನಾನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ನೋಡುತ್ತಿರಿ, ಗಣಪತಿ ಹಬ್ಬಕ್ಕೆ ಫೋನು ಬರುತ್ತದೆ.

ಇದರಲ್ಲಿ ಮಾಯಾಮಂತ್ರವೇನೂ ಇಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿನ ಮೈಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರೆ ಒಳಗಿನ ಸದ್ದೆಲ್ಲ ನೇರ ತಲೆಗೆ ಬರುತ್ತದೆ. ಮೈ ಸರಿಯಿದ್ದ ಮೋಟರ್ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತದೆ. ಇಲ್ಲದ್ದು ನರಳುತ್ತದೆ, ಕರಕರ ಹಲ್ಲು ಕಡಿಯುತ್ತದೆ. ನನಗೆ ಇದನ್ನು ಕಲಿಸಿದ್ದು ಕಾಲೇಜಲ್ಲ, ಹುಮನಾಬಾದಿನ ನಮ್ಮ ಅಪ್ಪನ ಹಿಟ್ಟಿನ ಗಿರಣಿ.

ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಅಪ್ಪ ನನ್ನನ್ನು ಗಿರಣಿಗೇ ಕರೆದುಕೊಂಡು ಹೋಗುತ್ತಿದ್ದ. ಜೋಳದ ಚೀಲಗಳ ಮೇಲೆ ಕೂತು ಮಗ್ಗಿ ಬಾಯಿಪಾಠ ಮಾಡಿದೆ, ಬಿಸಿ ಹಿಟ್ಟಿನ ವಾಸನೆಯಲ್ಲೇ ನಿದ್ದೆ ಮಾಡಿದೆ. ಸಂಜೆಗೆ ನನ್ನ ರೆಪ್ಪೆ, ಹುಬ್ಬು, ಜಡೆ ಎಲ್ಲವೂ ಬೆಳ್ಳಗೆ. ಓಣಿಯ ಹೆಂಗಸರು, "ಬಂತು ನೋಡ್ರಿ ಗಿರಣಿ ಮುದುಕಿ" ಎಂದು ಚಾಷ್ಟಿ ಮಾಡುತ್ತಿದ್ದರು. ಈಗ ನಿಜವಾಗಿ ಮುದುಕಿಯಾಗಿದ್ದೇನೆ, ಹುಬ್ಬು ಅಷ್ಟು ಬೆಳ್ಳಗೆ ಇನ್ನೂ ಆಗಿಲ್ಲ.

ಒಂದು ದಿನ ಓಣಿಯ ಲೈನು ರಿಪೇರಿಯಾಗಿ ಕರೆಂಟು ಬಂತು. ಗಿರಣಿ ಚಾಲೂ ಆಯಿತು. ಸದ್ದು ಎಂದಿನಂತೆ, ಗಾಲಿ ತಿರುಗಿಸುವ ಪಟ್ಟಾ ಎಂದಿನಂತೆ, ಆದರೆ ಹಿಟ್ಟು ಮಾತ್ರ ಮುನಿಸಿಕೊಂಡವರ ಮಾತಿನಂತೆ ಚೂರು ಚೂರೇ ಬೀಳುತ್ತಿದೆ. ಹೆಂಗಸರ ಗಲಾಟೆ ಶುರುವಾಯಿತು. ಅಪ್ಪ ಮೋಟರ್ ಬಂದ್ ಮಾಡಿ, ನನ್ನನ್ನು ಎತ್ತಿಕೊಂಡು ಗಾಲಿಯ ಮುಂದೆ ನಿಂತ. ಗಾಲಿ ನಿಧಾನವಾಗುತ್ತ ಆಗುತ್ತ, ಕೊನೆಯ ಸುತ್ತಿನಲ್ಲಿ ಉಲ್ಟಾ ತಿರುಗುತ್ತಿರುವುದು ಕಣ್ಣಿಗೆ ಬಿತ್ತು.

"ಓಡೂವಾಗ ಯಾವ್ದೂ ಗೊತ್ತಾಗಂಗಿಲ್ಲವ್ವಾ," ಎಂದ ಅಪ್ಪ, "ನಿಲ್ಲೂವಾಗ ನೋಡಬೇಕು."

ಮೋಟರಿಗೆ ಬರುವುದು ಮೂರು ತಂತಿಯ ಕರೆಂಟು. ಅದರಲ್ಲಿ ಯಾವ ಎರಡು ತಂತಿ ಅದಲುಬದಲಾದರೂ ಮೋಟರ್ ಹಿಮ್ಮುಖ ತಿರುಗುತ್ತದೆ, ಅದೂ ಬಹಳ ಖುಷಿಯಿಂದ, ತಾನು ಮಾಡುತ್ತಿರುವುದು ತಪ್ಪೆಂಬ ಅರಿವೇ ಇಲ್ಲದೆ. ಮನುಷ್ಯರಲ್ಲೂ ಅಂಥವರು ಇದ್ದಾರೆ, ಹೆಸರು ಹೇಳಿದರೆ ನೆಂಟಸ್ತಿಕೆ ಕೆಡುತ್ತದೆ.

ಇಂಜಿನಿಯರಾದ ಮೇಲೆ ನನಗೆ ಸಿಕ್ಕ ಕೆಲಸ ಗಡಿಯಾಚೆಯದು. ಉಮರ್ಗಾ, ನಿಲಂಗಾ, ಉದಗೀರ. ಈ ಊರುಗಳ ನೀರಿನ ಯೋಜನೆಗಳಿಗೆ ಮೋಟರ್ ಕೂಡಿಸುವುದು, ಪ್ಯಾನೆಲ್ ಜೋಡಿಸುವುದು, ನೀರು ಶುದ್ಧ ಮಾಡುವ ಫಿಲ್ಟರ್ ಹೌಸಿಗೆ ಕರೆಂಟು ಎಳೆಯುವುದು. ಹೆಸರಿಗೆ ಮಹಾರಾಷ್ಟ್ರ. ಕಚೇರಿಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಹೆಣ್ಣುಮಗಳು ಕಂಬದ ಕೆಳಗೆ ನಿಂತು ಮೀಟರ್ ಹಿಡಿದದ್ದನ್ನು ಆ ಸೀಮೆ ಅದುವರೆಗೆ ಕಂಡಿರಲಿಲ್ಲ. ಮೊದಲು ನರ್ಸ್ ಎಂದುಕೊಂಡರು. ಆಮೇಲೆ ಮೂರೂ ಊರಲ್ಲಿ ನಾನು "ಮೋಟರ್ ಬಾಯಿ" ಆದೆ. ಬಾಯಿ ಎಂದರೆ ಆ ಕಡೆ ಗೌರವದ ಮಾತು. ಆದರೆ ನಾನು ಮಾತಾಡುವ ವೇಗಕ್ಕೂ ಆ ಹೆಸರಿಗೂ ಸಂಬಂಧವಿದೆಯೆಂದು ನನ್ನ ಗಂಡ ಇಂದಿಗೂ ವಾದಿಸುತ್ತಾರೆ.

ಅವು ಬರಗಾಲದ ವರ್ಷಗಳು. ಯೆಣೆಗೂರಿನ ಢಾಬಾದಲ್ಲಿ ಚಹಾ ಕೇಳಿದರೆ ನಗುನಗುತ್ತ ಕೊಡುತ್ತಿದ್ದರು, ಕುಡಿಯಲು ನೀರು ಕೇಳಿದರೆ ಮುಖ ನೋಡುತ್ತಿದ್ದರು. ನಿಲಂಗಾದಲ್ಲಿ ಟ್ಯಾಂಕರ್ ನಿಲ್ಲುವ ಕಡೆ ಕೊಡಗಳ ಪಾಳಿ. ಕೊಡ ಇಟ್ಟು ಹೋದರೆ ಮಾಲಕರು ನಿಂತ ಹಾಗೇ ಲೆಕ್ಕ, ಮುಟ್ಟುವ ಹಾಗಿಲ್ಲ. ಒಡಕು ಕೊಡ, ತೂತು ಬಿದ್ದ ಡಬ್ಬಿ, ಏನೂ ಇಲ್ಲದವರದ್ದು ಒಂದು ಕಲ್ಲು. ಆ ಕಲ್ಲಿಗೂ ಅಷ್ಟೇ ಮರ್ಯಾದೆ.

ನಿಲಂಗಾದಲ್ಲಿ ನಾನು ಬಾಡಿಗೆಗೆ ಇದ್ದದ್ದು ಕಾಳಿನ ವ್ಯಾಪಾರ ಮಾಡುವ ಶರಣರೊಬ್ಬರ ಮನೆಯ ಮಹಡಿಯಲ್ಲಿ. ಮನೆಯೊಡತಿ ನೀಲಮ್ಮ. ಊರಿಗೆಲ್ಲ ಆಕೆ ನೀಲಮ್ಮಕಾಕು, ಚಿಕ್ಕಮ್ಮನಿಗೆ ಅಲ್ಲಿ ಹಾಗೆ ಅನ್ನುತ್ತಾರೆ. ನನಗೂ ಕಾಕು ಆದರು. ಅವರ ಬಚ್ಚಲಿನಲ್ಲಿ ಒಂದು ದೊಡ್ಡ ತಾಮ್ರದ ಹಂಡೆ. ಆದರೆ ಅದು ಬೋರಲು ಬಿದ್ದಿತ್ತು. ನೀರೇ ಇಲ್ಲದ ಮೇಲೆ ಹಂಡೆಗೆ ಏನು ಕೆಲಸ? ಅದರ ಬೆನ್ನ ಮೇಲೆ ಕಾಕು ಒಣಮೆಣಸಿನಕಾಯಿ ಹರವುತ್ತಿದ್ದರು.

ಕಾಕುವಿನ ಒಬ್ಬಳೇ ಮಗಳು ಸುವರ್ಣಾಳನ್ನು ಉದಗೀರಿಗೆ ಕೊಟ್ಟಿತ್ತು. ಚೊಚ್ಚಲ ಬಸುರಿ. ಚೊಚ್ಚಲ ಬಾಣಂತನ ತವರಿನ ಹಕ್ಕು, ನಿಮಗೆ ಗೊತ್ತೇ ಇದೆ. ಆದರೆ ಬಾಣಂತಿಗೆ ಎರೆಯುವುದೆಂದರೆ ಒಂದು ಚೊಂಬು ನೀರಿನ ಮಾತೇ? ದಿನಾ ಹಂಡೆ ಹಂಡೆ ಕಾಯಬೇಕು. ಉದಗೀರಿನ ಬೀಗತಿಯ ಅಂಗಳದ ಬಾವಿಯಲ್ಲಿ ಇನ್ನೂ ತಳದಲ್ಲಿ ನೀರಿತ್ತು. ಬೀಗತಿ ಹೇಳಿ ಕಳಿಸಿದ್ದರು: "ನಿಮ್ಮ ಬಚ್ಚಲದಾಗ ಹಂಡೆ ನೆಟ್ಟಗ ಕೂಡ್ಲಿ, ಅವತ್ತ ಸೊಸೀನ ಕಳಸ್ತೀವಿ."

ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದೇ ಕಾಕುವಿನ ಸಂಕಟ. ಬೆಳಿಗ್ಗೆ ನಾನು ಕೆಲಸಕ್ಕೆ ಇಳಿದರೆ ಮೆಟ್ಟಿಲ ಬುಡದಲ್ಲೇ ನಿಂತಿರುತ್ತಿದ್ದರು.

"ಬಾಯೀ, ನಿಮ್ಮ ಮೋಟರ್ ಯಾವಾಗ ಚಾಲೂ ಆಗ್ತದ್ರಿ? ಸುವರ್ಣಾಗ ದಿವಸ ತುಂಬ್ಲಾಕತ್ತಾವ."

"ಇನ್ನೇನು ಆತ್ರಿ ಕಾಕು. ಪ್ಯಾನೆಲ್ ಬಂದಾದ."

"ಹಡದ ಮಗಳಿಗಿ ಒಂದ ಚರಿಗಿ ನೀರ ಎರೀಲಿಲ್ಲ ಅಂದ್ರ ನಾ ಎಂಥಾ ಅವ್ವರೀ?"

ಅವ್ವನ ಕೈಯಲ್ಲಿ ಎರೆಸಿಕೊಂಡ ನೆನಪೇ ಇಲ್ಲದ ನನಗೆ ಆ ಮಾತು ಎಲ್ಲೋ ತಾಕುತ್ತಿತ್ತು. ಲಗುಬಗೆಯಿಂದ ಚಪ್ಪಲಿ ಮೆಟ್ಟಿ ಓಡುತ್ತಿದ್ದೆ. ಇಂಜಿನಿಯರಿಂಗ್ ಪುಸ್ತಕದಲ್ಲಿ ಮೋಟರಿನ ಶಕ್ತಿ ಲೆಕ್ಕ ಮಾಡುವಾಗ ಇಂಥ ಭಾರವನ್ನು ಸೇರಿಸುವುದಿಲ್ಲ.

ಅಂತೂ ಕೆಲಸ ಮುಗಿಯಿತು! ಊರ ಅಂಚಿನಲ್ಲಿ ಫಿಲ್ಟರ್ ಹೌಸ್. ದೂರದ ಜಲಾಶಯದ ತಳದ ನೀರು ಅಲ್ಲಿಗೆ ಬಂದು, ಪಟಿಕ ಕುಡಿದು, ಮರಳಿನಲ್ಲಿ ಸೋಸಿಕೊಂಡು ತಿಳಿಯಾಗುತ್ತದೆ. ಪಕ್ಕದಲ್ಲಿ ಪಂಪ್ ಹೌಸ್. ಅಲ್ಲಿನ ಹೊಸ ಮೋಟರು ಆ ನೀರನ್ನು ಎದುರಿನ ದಿಬ್ಬದ ಮೇಲಿನ ಎತ್ತರದ ಟಾಕಿಗೆ ಏರಿಸಬೇಕು. ಟಾಕಿಯಿಂದ ಓಣಿ ಓಣಿಯ ನಳಕ್ಕೆ. ಹಿಂದಿನ ದಿನ ಪರೀಕ್ಷೆಗೆಂದು ನಡೆಸಿ, ನೀರು ಟಾಕಿಯೊಳಗೆ ಧುಮುಕಿದ್ದನ್ನು ಕಣ್ಣಾರೆ ಕಂಡಿದ್ದೆವು. ಮೂರು ವರ್ಷಕ್ಕೊಮ್ಮೆ ಮಾತ್ರ ನಗುವ ನಮ್ಮ ಆಪರೇಟರ್ ಗಫೂರಭಾಯಿ ಕೂಡ ಹಲ್ಲು ತೋರಿಸಿದ್ದ.

ಮರುದಿನ ಮುಹೂರ್ತ. ಊರಿಗೆ ಊರೇ ಬಂದಿತ್ತು. ಕಾಕು ಹೊಸ ಸೀರೆಯುಟ್ಟು ಬಂದಿದ್ದರು. ಅವರ ಪಕ್ಕದಲ್ಲಿ ಉದಗೀರಿನ ಬೀಗತಿ, ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವರು. ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಕೈಚೀಲ. ನೀರು ಬಂದದ್ದನ್ನು ಕಣ್ಣಿಂದ ನೋಡಿದರೆ ಸೊಸೆಯನ್ನು ಕಳಿಸುವುದು, ಇಲ್ಲದಿದ್ದರೆ ಇಲ್ಲ. ಕಾಕು ನನ್ನ ಕಡೆ ಒಮ್ಮೆ, ಬೀಗತಿಯ ಕಡೆ ಒಮ್ಮೆ ನೋಡುತ್ತಿದ್ದರು.

ಪೂಜೆಗೆ ಮಠದ ಅಯ್ಯನವರು ಬಂದರು. ಅವರು ಕೆಲಸ ಅರ್ಧಮರ್ಧ ಮಾಡುವವರಲ್ಲ. ಪ್ಯಾನೆಲಿಗೆ ವಿಭೂತಿ, ಮೋಟರಿಗೆ ವಿಭೂತಿ, ಪಂಪಿಗೆ ಅಡ್ಡಕ್ಕೆ ಅಂಗೈಯಗಲದ ವಿಭೂತಿ, ನಡುವೆ ಕುಂಕುಮ. ಚೆಂಡುಹೂವಿನ ಮಾಲೆ. ತೀರ ನೀರಿನ ಒತ್ತಡದ ಮೀಟರಿನ ಗಾಜಿಗೂ ಹಚ್ಚಲು ಹೋದಾಗ ನಾನು ಅಡ್ಡ ಬಂದೆ.

"ಮುಳ್ಳ ಕಾಣಂಗಿಲ್ರಿ ಅಯ್ಯನೋರ."

"ಮುಳ್ಳಿಗಿ ದೃಷ್ಟಿ ತಾಕಿದ್ರ?"

ಗಾಜಿನ ಮೂಲೆಯಲ್ಲಿ ಒಂದು ಬೊಟ್ಟಿಗೆ ರಾಜಿಯಾಯಿತು.

ಗಫೂರಭಾಯಿ ಟಾಕಿಯ ನೆತ್ತಿಗೆ ಹತ್ತಿ ನಿಂತ. ನೀರು ಬಿದ್ದೊಡನೆ ಹೆಗಲ ಮೇಲಿನ ಕೆಂಪು ವಸ್ತ್ರ ಬೀಸಬೇಕು, ಅದೇ ಗುರುತು. ಕಾಯಿ ಒಡೆಯಿತು. ನಾನು ಗುಂಡಿ ಒತ್ತಿದೆ. ಮೋಟರ್ ಗುಂಯ್ಯೆಂದು ಎದ್ದಿತು. ಚಪ್ಪಾಳೆ, ಪೇಡೆ, ಮರಾಠಿಯಲ್ಲೊಂದು ಭಾಷಣ, ಕನ್ನಡದಲ್ಲೊಂದು ಭಾಷಣ. ಎಲ್ಲರ ಕಣ್ಣೂ ದಿಬ್ಬದ ಕಡೆ.

ಗಫೂರಭಾಯಿ ಕಂಬದ ಹಾಗೆ ನಿಂತಿದ್ದಾನೆ. ವಸ್ತ್ರ ಹೆಗಲ ಮೇಲೇ ಇದೆ.

ಭಾಷಣ ಮಾಡುತ್ತಿದ್ದವರು ಇನ್ನಷ್ಟು ಮಾತಾಡಿದರು, ನಿಲ್ಲಿಸಿದರೆ ಏನು ಮಾಡುವುದು ಎಂದು ಅವರಿಗೂ ತಿಳಿಯಲಿಲ್ಲ. ಗುಸುಗುಸು ಶುರುವಾಯಿತು. "ಪೈಪ್ ಒಡದಾದ." "ಜಲಾಶಯದಾಗೇ ನೀರಿಲ್ಲ ಬಿಡ್ರಿ." "ಬಾಯಿ ಮೋಟರ್, ಬಾಯಿಮಾತಿಗೇ ಬಂದಾದ." ಗುತ್ತಿಗೆದಾರರ ಕಡೆಯವರು, ಪಂಪು ಕೂಡಿಸಿದವರೂ ಸೇರಿ, ಸಲಿಕೆ ಹಿಡಿದು ಪೈಪಿನ ದಾರಿಗುಂಟ ಹುಡುಕಲು ಹೊರಟರು.

ಬೀಗತಿ ಸೆರಗು ಸರಿಮಾಡಿಕೊಂಡರು. "ನನಗೇನು ಸಿಟ್ಟಿಲ್ರಿ ಬೀಗತೀ," ಎಂದರು ಕಾಕುವಿಗೆ, ಮೆಲ್ಲಗೆ. "ನಿಮ್ಮ ಮಗಳು ನನಗೂ ಮಗಳೇ. ಬಾಣಂತಿಗೆ ನೀರ ಬೇಕು, ಮಾತಲ್ಲ. ನಡೀರಿ, ಮನೀಗಿ ಹೋಗಿ ಉಂಡು ಬಸ್ ಹಿಡಿತೀನಿ." ಕಾಕು ಅವರ ಹಿಂದೆ ಹೊರಟರು. ಹೋಗುವಾಗ ನನ್ನನ್ನು ನೋಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಸ್ಕ್ರೂಡ್ರೈವರ್ ತೆಗೆದು ಮೋಟರಿಗೆ ಹಚ್ಚಿ ಕಿವಿಗೊಟ್ಟೆ. ಎಂಥ ಶ್ರುತಿ! ತಂಬೂರಿ! ಒಂದು ಅಪಸ್ವರವಿಲ್ಲ. ಆದರೆ ನೀರಿನ ಒತ್ತಡ ತೋರಿಸುವ ಮುಳ್ಳು ಅರ್ಧಕ್ಕೇ ಏರಿ ನಿಂತುಬಿಟ್ಟಿದೆ. ಮೋಟರ್ ದುಡಿಯುತ್ತಿದೆ, ನೀರು ದಿಬ್ಬ ಹತ್ತುತ್ತಿಲ್ಲ. ಸದ್ದು ಸರಿ, ಕೆಲಸ ಚೂರು ಚೂರು... ಇದನ್ನು ನಾನು ಹಿಂದೆ ಎಲ್ಲೋ ಕಂಡಿದ್ದೇನೆ. ಎಲ್ಲಿ? ಮೂಗಿಗೆ ಇದ್ದಕ್ಕಿದ್ದಂತೆ ಬಿಸಿ ಜೋಳದ ಹಿಟ್ಟಿನ ವಾಸನೆ ಬಡಿಯಿತು. ನಿಲ್ಲೂವಾಗ ನೋಡಬೇಕು!

"ಬಂದ್ ಮಾಡ್ತೀನಿ," ಎಂದೆ.

"ಬ್ಯಾಡ್ರಿ!" ಅಯ್ಯನವರು ಹೌಹಾರಿದರು. "ಮುಹೂರ್ತಕ್ಕ ಎದ್ದ ಯಂತ್ರ, ನಡೂಕ ನಿಲ್ಲಬಾರದು."

ಅಷ್ಟರಲ್ಲಿ ಒತ್ತಿಬಿಟ್ಟಿದ್ದೆ. ಮೋಟರಿನ ತಿರುಗುವ ದಂಡ ನಿಧಾನವಾಗುತ್ತ ಬಂತು. ನಾನು ನೆಲಕ್ಕೆ ಬಗ್ಗಿ ಕಣ್ಣು ಮಿಟುಕಿಸದೆ ನೋಡಿದೆ. ಕೊನೆಯ ಸುತ್ತು ಎಡಕ್ಕೆ ತಿರುಗಿ ನಿಂತಿತು. ಸರಿ, ಎಡಕ್ಕೆ ತಿರುಗಬೇಕೋ ಬಲಕ್ಕೋ? ಪಂಪಿನ ಹೊಟ್ಟೆಯ ಆಕಾರ ನೋಡಿಯೇ ಹೇಳಬಲ್ಲ ಪಂಪಿನವರು ಸಲಿಕೆಯ ಜೊತೆ ಹೋಗಿದ್ದರು. ನಾನು ಕರೆಂಟಿನವಳು, ಹೊಟ್ಟೆಯ ವಿಚಾರ ಅಷ್ಟಕ್ಕಷ್ಟೆ. ಆದರೆ ತಿರುಗಬೇಕಾದ ದಿಕ್ಕು ತೋರಿಸಲು ಪ್ರತಿ ಪಂಪಿನ ಮೈಮೇಲೂ ಒಂದು ಬಾಣದ ಗುರುತು ಇರುತ್ತದೆ. ಈ ಪಂಪಿನ ಬಾಣ ಎಲ್ಲಿ?

ಅಯ್ಯನವರ ಅಂಗೈಯಗಲದ ವಿಭೂತಿಯ ಕೆಳಗೆ.

ನಾನು ಒಂದು ಬಟ್ಟೆ ತೆಗೆದುಕೊಂಡು ಒರೆಸಲು ಹೋದೆ. ಅಯ್ಯನವರು ಎರಡೂ ಕೈ ಅಡ್ಡ ಹಿಡಿದರು. "ಪೂಜಿ ಆದ ವಿಭೂತಿ ಅಳಸ್ತೀರೇನ್ರಿ? ಹೊತ್ತ ಮುಳಗೂತನಾ ಮುಟ್ಟಂಗಿಲ್ಲ." ಸುತ್ತಲಿದ್ದವರು ಹೌದು ಹೌದು ಎಂದರು. ಅವರಿಗೆ ಮೋಟರಿನ ಮೇಲಿನ ನಂಬಿಕೆ ಹೋಗಿತ್ತು, ವಿಭೂತಿಯ ಮೇಲಿನದು ಹೋಗಿರಲಿಲ್ಲ. ಹೊತ್ತು ಮುಳುಗುವ ಮೊದಲೇ ಉದಗೀರಿನ ಬಸ್ಸು ಬಿಡುತ್ತದೆ.

ನನಗೆ ಆ ಬುದ್ಧಿ ಎಲ್ಲಿಂದ ಬಂತೋ ಕಾಣೆ. ಬಟ್ಟೆ ಬಿಸಾಡಿದೆ.

"ಅಳಸಂಗಿಲ್ರಿ ಅಯ್ಯನೋರ," ಎಂದೆ, "ಹಚ್ಚಿಕೋತೀನಿ."

ಮೂರು ಬೆರಳಿನಿಂದ ಪಂಪಿನ ಮೇಲಿನ ವಿಭೂತಿ ಬಳಿದು ಹಣೆಗೆ ಹಚ್ಚಿಕೊಂಡೆ. ಇನ್ನೂ ಉಳಿದಿತ್ತು. ಎರಡೂ ತೋಳಿಗೆ ಹಚ್ಚಿಕೊಂಡೆ. ಇನ್ನೂ ಇತ್ತು, ಅಯ್ಯನವರ ಕೈ ದೊಡ್ಡದು. ಕತ್ತಿಗೆ, ಕೆನ್ನೆಗೆ, ಮೊಣಕೈಗೆ. ಅಯ್ಯನವರ ಮುಖ ನೋಡುತ್ತ ನೋಡುತ್ತ ಅರಳಿತು. ಶರಣರ ಪ್ರಸಾದ ಹೀಗೆ ಹುರುಪಿನಿಂದ ಮೈಗೆ ಬಳಿದುಕೊಳ್ಳುವ ಹೆಣ್ಣುಮಗಳನ್ನು ಅವರು ಕಂಡಿರಲಿಲ್ಲ. ಕೊನೆಗೆ ತಾವೇ ಬಗ್ಗಿ, "ಇಲ್ಲೊಂದೀಟ ಉಳದಾದ ನೋಡವ್ವಾ" ಎಂದು ತೋರಿಸಿದರು. ಆ ಉಳಿದ ಈಟು ತೆಗೆದಾಗ, ಕಬ್ಬಿಣದಲ್ಲಿ ಅಚ್ಚಾದ ಬಾಣ ಬಲಕ್ಕೆ ಮುಖ ಮಾಡಿ ಕಾಣಿಸಿತು.

ಬಲಕ್ಕೆ!

ಬೆಳಿಗ್ಗೆ ಕಂಬದ ಮೇಲೆ ಯಾರೋ ತಂತಿ ಬದಲಿಸಿದ್ದರಂತೆ. ಯಾರು ಎಂದು ಕೇಳುವ ಪುರುಸೊತ್ತು ಯಾರಿಗಿತ್ತು? ಕರೆಂಟು ಕಡಿದೆ, ಟೆಸ್ಟರ್ ಹಚ್ಚಿ ಖಾತ್ರಿ ಮಾಡಿಕೊಂಡೆ, ಎರಡು ತಂತಿ ಬಿಚ್ಚಿ ಅದರ ಜಾಗಕ್ಕೆ ಇದು, ಇದರ ಜಾಗಕ್ಕೆ ಅದು. ಗುಂಡಿ ಒತ್ತಿದೆ. ಅದೇ ಗುಂಯ್, ಅದೇ ಶ್ರುತಿ. ಆದರೆ ಮುಳ್ಳು ಅರ್ಧ ದಾಟಿತು, ಮುಕ್ಕಾಲು ದಾಟಿತು, ಗಾಜಿನ ಮೂಲೆಯ ವಿಭೂತಿಯ ಬೊಟ್ಟನ್ನು ಮುಟ್ಟಿ ನಿಂತಿತು. ಪೈಪು ಕಾಲಡಿಯಲ್ಲಿ ಝುಮ್ಮೆಂದಿತು. ನಾವು ದಿಬ್ಬದ ಕಡೆ ನೋಡಿದೆವು. ಗಫೂರಭಾಯಿ ಒಳಗೆ ಬಗ್ಗಿದ. ಎದ್ದ. ವಸ್ತ್ರ ತೆಗೆದ. ಬೀಸಿದನೇ? ಕುಣಿದ! ಟಾಕಿಯ ನೆತ್ತಿಯ ಮೇಲೆ, ಅಷ್ಟು ಎತ್ತರದಲ್ಲಿ, ಆ ನಗದ ಮನುಷ್ಯ ವಸ್ತ್ರ ತಿರುಗಿಸಿ ತಿರುಗಿಸಿ ಕುಣಿದ.

"ಪಾಣೀ ಆಲಂ!" ಎಂದು ಅರ್ಧ ಜನ, "ನೀರ ಬಂತು!" ಎಂದು ಅರ್ಧ ಜನ ಕೂಗಿದರು. ನಾನು ಎರಡನ್ನೂ ಕೂಗಿದೆ.

ಪುರಸಭೆಯ ಜೀಪು ನನ್ನನ್ನು ಕಾಕುವಿನ ಓಣಿಯಲ್ಲಿ ಇಳಿಸಿದಾಗ ಬೀಗತಿ ಕೈಚೀಲ ಹಿಡಿದು ಹೊಸ್ತಿಲು ದಾಟುತ್ತಿದ್ದರು. ನನ್ನನ್ನು ಕಂಡು ಅಲ್ಲೇ ನಿಂತುಬಿಟ್ಟರು. ಮುಖ, ಕತ್ತು, ತೋಳು ಎಲ್ಲ ವಿಭೂತಿ, ನಡುನಡುವೆ ಗ್ರೀಸು.

"ಅಗ ಬಾಯೀ!" ಎಂದು ಮರಾಠಿಯಲ್ಲಿ ಬೆರಗಾದರು. "ಈಕಿ ಯಾವ ಮಠದಾಕೀರಿ?"

"ನಿಲ್ರಿ ಅವ್ವಾರ, ಒಂದ ಘಳಿಗಿ ನಿಲ್ರಿ," ಎಂದು ಏದುಸಿರು ಬಿಡುತ್ತ ಬಚ್ಚಲಿಗೆ ಓಡಿದೆ. ಇಬ್ಬರು ಬೀಗತಿಯರೂ ಹಿಂದೆಯೇ ಬಂದರು. ನಳ ತಿರುಗಿಸಿದೆ. ಏನೂ ಇಲ್ಲ. ಟಾಕಿ ತುಂಬಿ ಇಳಿಯಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಾಕು ಕಣ್ಣು ಮುಚ್ಚಿ ಕೊರಳಿನ ಲಿಂಗ ಹಿಡಿದಿದ್ದರು. ಬೀಗತಿ ಬಸ್ಸಿನ ಹೊತ್ತಾಯಿತೆಂದು ಒಮ್ಮೆ ಬಾಗಿಲ ಕಡೆ ನೋಡಿದರು, ಆದರೆ ಹೋಗಲಿಲ್ಲ. ಕೊನೆಗೆ ನಳ ಫುಸ್ಸೆಂದಿತು. ಕೆಮ್ಮಿತು. ಕೆಂಪಗೆ ಒಂದಿಷ್ಟು ಉಗುಳಿತು. ಮತ್ತೆ ಕೆಮ್ಮಿತು. ಆಮೇಲೆ ನೋಡಿ, ಬಂತು! ಧೋ ಎಂದು, ತಿಳಿಯಾಗಿ, ತಣ್ಣಗೆ!

ಬೀಗತಿ ಕೈಚೀಲ ಕೆಳಗಿಟ್ಟರು. ಹಂಡೆಯ ಬೆನ್ನ ಮೇಲಿನ ಮೆಣಸಿನಕಾಯಿಯನ್ನು ಮೊರಕ್ಕೆ ಸುರಿದರು. ಒಬ್ಬರೇ ಆ ಹಂಡೆಯನ್ನು ಎತ್ತಿ, ಹೊರಳಿಸಿ, ನಳದ ಕೆಳಗೆ ನೆಟ್ಟಗೆ ಕೂಡಿಸಿದರು.

"ನಾಳಿಗಿ ಕಳಸ್ತೀನ್ರಿ," ಎಂದರು. "ಘಾಟ ಹೋಗೂಹಂಗ ತೊಳೀರಿ, ಮೆಣಸಿನಕಾಯಿ ಇತ್ತು."

ಕಾಕು ಅತ್ತರು, ನಾನೂ ಅತ್ತೆ. ಮೆಣಸಿನಕಾಯಿಯ ಘಾಟಿಗೆ ಎಂದು ಇಬ್ಬರೂ ಹೇಳಿಕೊಂಡೆವು.

ಸುವರ್ಣಾ ಬಂದಳು, ಹೆಣ್ಣು ಹಡೆದಳು, ಕೆಂಪಗೆ ದುಂಡಗೆ ಆಗಿ ಉದಗೀರಿಗೆ ಹೋದಳು. ನಾನು ಬೇರೆ ಊರು, ಬೇರೆ ಮೋಟರು ಎಂದು ಹೊರಟುಹೋದೆ. ಮದುವೆಯಾಯಿತು. ನಾನೂ ಚೊಚ್ಚಲ ಬಸುರಿಯಾದೆ. ಅಷ್ಟರಲ್ಲಿ ಅಪ್ಪನೂ ಇರಲಿಲ್ಲ, ಗಿರಣಿಯೂ ಇರಲಿಲ್ಲ. ಆಸ್ಪತ್ರೆಯಿಂದ ಬಂದು ಬಾಡಿಗೆ ಮನೆಯಲ್ಲೇ ಹೇಗೋ ಆಗುತ್ತದೆ ಎಂದು ಗಂಡನಿಗೆ ಹೇಳುತ್ತ ದೊಡ್ಡ ಧೈರ್ಯದ ಮುಖ ಮಾಡಿಕೊಂಡಿದ್ದೆ. ಸುದ್ದಿ ಅದು ಹೇಗೋ ನಿಲಂಗಾ ಮುಟ್ಟಿತು. ಒಂದು ದಿನ ಬಾಗಿಲಲ್ಲಿ ನೀಲಮ್ಮಕಾಕು.

"ಬಟ್ಟಿ ಕಟ್ಟು," ಎಂದರು. ಬಾಯಿ, ರೀ, ಎಲ್ಲ ಬಿಟ್ಟುಹೋಗಿತ್ತು. "ಊರಿಗೆಲ್ಲ ನೀರ ಕೊಟ್ಟಾಕಿ ನೀ. ನಿನಗ ಎರಿಯಾಕಿ ನಾ ಇಲ್ಲೇನು?"

ಹೀಗೆ ನನ್ನ ಚೊಚ್ಚಲ ಬಾಣಂತನ ನಿಲಂಗಾದಲ್ಲಾಯಿತು. ಉದಗೀರಿನ ಬೀಗತಿ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿ ಹೊತ್ತು ಬಂದರು. ಮೊದಲ ದಿನ ಕಾಕು ನನ್ನ ಎರಡೂ ಕಿವಿಗೆ ಹತ್ತಿ ತುರುಕಿ, ತಲೆಗೆ ಎಣ್ಣೆ ತಟ್ಟಿ, ಬಚ್ಚಲಿನ ಮಣೆಯ ಮೇಲೆ ಕೂಡಿಸಿದರು. ಕಿವಿಯಿಂದಲೇ ಬದುಕಿದವಳಿಗೆ ಲೋಕವೆಲ್ಲ ನಿಶ್ಶಬ್ದ. ಹಂಡೆಯಲ್ಲಿ ನೀರು ಹೊಗೆಯಾಡುತ್ತಿತ್ತು. ಪಕ್ಕದ ನಳದಿಂದ ತಣ್ಣೀರು ಬೀಳುತ್ತಿತ್ತು. ಟಾಕಿಯಿಂದ ಇಳಿಯುವ ನೀರಿಗೆ ಮೋಟರಿನ ನಡುಕ ಇರುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಆದರೂ ಕೈ ತಾನಾಗಿ ಹೋಗಿ ನಳವನ್ನು ಹಿಡಿಯಿತು.

ಕಾಕು ನನ್ನ ಮುಂದೆ ಬಗ್ಗಿ ಏನೋ ಕೇಳಿದರು. ತುಟಿ ನೋಡಿ ಅರ್ಥ ಮಾಡಿಕೊಂಡೆ: "ಏನವ್ವಾ, ಏನ ನೋಡ್ತೀ?"

"ಸರೀ ತಿರಗ್ಲಾಕತ್ತಾದ, ಅವ್ವಾ," ಎಂದೆ.

ಕಾಕು ಎನ್ನಲು ಹೋಗಿ ಅವ್ವಾ ಎಂದುಬಿಟ್ಟಿದ್ದೆ. ಆಕೆ ಚರಿಗೆ ತುಂಬಿಸಿ, ನನ್ನ ನೆತ್ತಿಯ ಮೇಲೆ ಸುರಿದರು.